ಉಸ್ತಾದರ ನೆರಳಿನಲ್ಲಿ ಬೆಳೆದ ದಿವಾನ

ಓದುಗರೇ, ನಮ್ಮ ತಿ. ನರಸೀಪುರದ ಯಾವುದಾದರೂ ಗ್ಯಾರೇಜಿನ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಹೊಸದಾಗಿ ಸೇರಿದ ಹುಡುಗನಿಗೆ ಅಲ್ಲಿ ಯಾರೂ ಪಾಠ ಹೇಳುವುದಿಲ್ಲ. ಅವನು ಸ್ಪಾನರ್ ಎತ್ತಿಕೊಡುತ್ತಾನೆ, ನೋಡುತ್ತಾನೆ, ಬೈಸಿಕೊಳ್ಳುತ್ತಾನೆ, ಮತ್ತೆ ನೋಡುತ್ತಾನೆ. ಮೇಸ್ತ್ರಿಯನ್ನು ಉಸ್ತಾದ್ ಎಂದು ಕರೆಯುತ್ತಾನೆ. ಇಂಥ ಕಲಿಕೆ ಗ್ಯಾರೇಜಿಗೆ ಮಾತ್ರ ಸೇರಿದ್ದೆಂದು ತಿಳಿಯಬೇಡಿ. ಮೈಸೂರು ರಾಜ್ಯವನ್ನು ಹದಿನೈದು ವರ್ಷ ನಡೆಸಿದ ದಿವಾನ ಸರ್ ಮಿರ್ಜಾ ಇಸ್ಮಾಯಿಲರು ಕೆಲಸ ಕಲಿತದ್ದೂ ಹೀಗೆಯೇ.

ಅವರು ಹುಟ್ಟಿದ್ದು 1883ರಲ್ಲಿ, ಬೆಂಗಳೂರಿನಲ್ಲಿ. ಅಜ್ಜ ಅಲಿ ಅಸ್ಕರರು ಇರಾನಿನಿಂದ ಬಂದ ಕುದುರೆ ವ್ಯಾಪಾರಿ. ಎಳೆಯ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಸ್ಟುವರ್ಟ್ ಫ್ರೇಸರ್ ಎಂಬ ಆಂಗ್ಲ ಅಧಿಕಾರಿ ಪಾಠ ಹೇಳುತ್ತಿದ್ದಾಗ, ಜೊತೆಗೆ ಕೂತು ಕಲಿತ ಕೆಲವೇ ಹುಡುಗರಲ್ಲಿ ಮಿರ್ಜಾ ಒಬ್ಬರು. 1905ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಪದವಿ ಪಡೆದು ಪೊಲೀಸ್ ಇಲಾಖೆ ಸೇರಿದರು. ಕೆಲವು ವರ್ಷಗಳಲ್ಲೇ ಮಹಾರಾಜರ ಕಚೇರಿಗೆ ಬಂದರು.

ನಿಜವಾದ ಶಾಲೆ ಆರಂಭವಾದದ್ದು ಅಲ್ಲಿ. 1912ರಿಂದ 1918ರವರೆಗೆ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು; ಮಿರ್ಜಾರಿಗಿಂತ ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿರಿಯರು. ಅಣೆಕಟ್ಟು, ಬ್ಯಾಂಕು, ಗಂಧದೆಣ್ಣೆ ಕಾರ್ಖಾನೆ, ವಿಶ್ವವಿದ್ಯಾನಿಲಯ ಒಂದೊಂದಾಗಿ ಮೇಲೇಳುತ್ತಿದ್ದ ಕಾಲ ಅದು. ಒಂದು ಯೋಜನೆ ಕಾಗದದಿಂದ ನೆಲಕ್ಕೆ ಇಳಿಯುವುದು ಹೇಗೆಂಬುದನ್ನು ತರುಣ ಮಿರ್ಜಾ ಅರಮನೆಯ ಕಚೇರಿಯಿಂದಲೇ ಕಂಡರು. ದಿವಾನಗಿರಿ ಅವರಿಗೆ ಬಂದದ್ದು 1926ರಲ್ಲಿ. ಅಂದರೆ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಅವರು ಇನ್ನೊಬ್ಬರ ಕೈಕೆಳಗೆ ದುಡಿದರು. ಆರು ತಿಂಗಳಿಗೆ ಸೂಪರ್‌ವೈಸರ್ ಆಗಲಿಲ್ಲವೆಂದು ನಂಜನಗೂಡಿನ ಕಾರ್ಖಾನೆ ಬಿಟ್ಟು ಬರುವ ನಮ್ಮ ಹುಡುಗರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಗುರು ಶಿಷ್ಯರ ನಂಟಿಗೆ ಪರೀಕ್ಷೆ ಬಂದದ್ದು 1928ರಲ್ಲಿ. ಬೆಂಗಳೂರಿನ ಸುಲ್ತಾನ್‌ಪೇಟೆಯ ಶಾಲೆಯೊಂದರ ಗಣಪತಿ ವಿಗ್ರಹದ ವಿಷಯದಲ್ಲಿ ಗಲಭೆಯಾಯಿತು. ದಿವಾನರು ಮುಸ್ಲಿಮರು. ಬೊಟ್ಟು ಯಾರ ಕಡೆಗೆ ತಿರುಗಿರಬಹುದೆಂದು ನೀವೇ ಊಹಿಸಬಹುದು. ವಿಚಾರಣಾ ಸಮಿತಿಯ ಅಧ್ಯಕ್ಷತೆ ಯಾರಿಗೆ ಹೋಯಿತು? ವಿಶ್ವೇಶ್ವರಯ್ಯನವರಿಗೇ! ಅವರು ಶಿಷ್ಯನೆಂದು ಮುಲಾಜು ನೋಡಲಿಲ್ಲ. ಸಮಿತಿಯ ವರದಿ ಸರಕಾರದ ನಡೆಯನ್ನು ಟೀಕಿಸಿತು. ತಪ್ಪು ಕಂಡಾಗ ಬಾಯಿ ಮುಚ್ಚಿಕೊಳ್ಳುವವನು ಉಸ್ತಾದನಲ್ಲ, ಹೊಗಳುಭಟ್ಟ. ಇನ್ನು ಮಿರ್ಜಾ? ಮುನಿದು ಹಿರಿಯರನ್ನು ಮೂಲೆಗೆ ತಳ್ಳುವ ಅಧಿಕಾರ ಅವರ ಕೈಯಲ್ಲಿತ್ತು. ಆದರೆ ಬೆಂಗಳೂರಿಗೆ ಕುಡಿಯುವ ನೀರಿನ ಪ್ರಶ್ನೆ ಬಂದಾಗ ಅದೇ ವಿಶ್ವೇಶ್ವರಯ್ಯನವರ ಸಲಹೆಯಂತೆ ಕೆಲಸ ನಡೆಯಿತು. ತಿಪ್ಪಗೊಂಡನಹಳ್ಳಿ ಜಲಾಶಯ 1933ರಲ್ಲಿ ಸಿದ್ಧವಾಯಿತು.

ಕೆಲಸಗಾರರನ್ನು ಗುರುತಿಸುವುದನ್ನೂ ಅವರು ಕಲಿತಿದ್ದರು. ಹಿಟ್ಲರನ ಜರ್ಮನಿಯಿಂದ ಹೊರಬಿದ್ದಿದ್ದ ಒಟ್ಟೊ ಕೋನಿಗ್ಸ್‌ಬರ್ಗರ್ ಎಂಬ ಮೂವತ್ತರ ಆಸುಪಾಸಿನ ಯೆಹೂದಿ ತರುಣನನ್ನು ಕರೆಸಿ 1939ರಲ್ಲಿ ಮೈಸೂರು ಸರಕಾರದ ವಾಸ್ತುಶಿಲ್ಪಿಯ ಹುದ್ದೆ ಕೊಟ್ಟರು. ಆತ ಮುಂದೆ ಭುವನೇಶ್ವರ ನಗರದ ನಕ್ಷೆ ತಯಾರಿಸಿದವರು.

1941ರಲ್ಲಿ ಮಿರ್ಜಾ ಮೈಸೂರಿನ ಹುದ್ದೆ ಬಿಟ್ಟರು. ಆಮೇಲೆ ಜಯಪುರದಲ್ಲೂ ಹೈದರಾಬಾದಿನಲ್ಲೂ ಪ್ರಧಾನಿಯಾಗಿದ್ದು 1959ರ ಜನವರಿಯಲ್ಲಿ ತೀರಿಕೊಂಡರು. ಜಯಪುರದ ದೊಡ್ಡ ರಸ್ತೆಯೊಂದಕ್ಕೆ ಇಂದಿಗೂ ಅವರದೇ ಹೆಸರು.

ನಮ್ಮ ಸಂಗಮದಲ್ಲಿ ಕಪಿಲೆಯನ್ನು ಕೂಡುವ ಕಾವೇರಿ ಕೃಷ್ಣರಾಜಸಾಗರವನ್ನು ದಾಟಿಕೊಂಡೇ ಬರುತ್ತಾಳೆ. 1911ರಲ್ಲಿ ವಿಶ್ವೇಶ್ವರಯ್ಯನವರ ಕಣ್ಣೆದುರು ಆರಂಭವಾದ ಆ ಅಣೆಕಟ್ಟೆಯ ಕೆಲಸ ಪೂರ್ತಿಯಾದದ್ದು ಮಿರ್ಜಾರ ಕಾಲದಲ್ಲಿ. ಅಲ್ಲಿಂದ ಹುಲಿಕೆರೆಯ ಬಳಿ ಸುರಂಗ ಕೊರೆದು ಮಂಡ್ಯದ ಒಣನೆಲಕ್ಕೆ ನೀರು ಹರಿಸಿದ ನಾಲೆಯೂ ಮಿರ್ಜಾರ ಆಡಳಿತದ್ದೇ. ಆಗ ಅದಕ್ಕೆ ವೈಸರಾಯ್ ಇರ್ವಿನರ ಹೆಸರಿಟ್ಟಿದ್ದರು. ಮುಂದೆ ಆ ಹೆಸರು ಹೋಗಿ ವಿಶ್ವೇಶ್ವರಯ್ಯ ನಾಲೆ ಎಂದಾಯಿತು. ಮಂಡ್ಯದ ರೈತರು ಅದನ್ನು ವಿ.ಸಿ. ನಾಲೆ ಎನ್ನುತ್ತಾರೆ.