ಕದ್ರಿಯವರ ಸ್ಯಾಕ್ಸೋಫೋನ್, ನನ್ನ ಕ್ಲಾರಿನೆಟ್

ಬೈಲಹೊಂಗಲದ ನಮ್ಮ ಓಣಿಯಲ್ಲಿ ನಮ್ಮ ಮನೆಗೆ ಬ್ಯಾಂಡಿನವರ ಮನೆ ಎಂದೇ ಹೆಸರು. ಅಜ್ಜ ಸನಾದಿ ನುಡಿಸುತ್ತಿದ್ದ, ಅಪ್ಪ ಕ್ಲಾರಿನೆಟ್ ಹಿಡಿದ. ಮದುವೆ ಸೀಜನ್ ಬಂತೆಂದರೆ ಇವತ್ತು ಕಿತ್ತೂರು, ನಾಳೆ ಸವದತ್ತಿ, ನಾಡಿದ್ದು ರಾಮದುರ್ಗ. ಹೈಸ್ಕೂಲಿನಲ್ಲಿದ್ದಾಗ ನಾನೂ ಖುಷಿಯಿಂದ ಅವರ ಜೊತೆ ಟೆಂಪೋ ಹತ್ತುತ್ತಿದ್ದೆ. ಕಾಲೇಜು ಸೇರಿದ ಮೇಲೆ ನಾಚಿಕೆ ಶುರುವಾಯಿತು. ರಾಮದುರ್ಗದ ಒಂದು ಮದುವೆಯಲ್ಲಿ ನನ್ನ ಕ್ಲಾಸಿನ ಹುಡುಗರು ಊಟದ ಪಾಳಿಯಲ್ಲಿ ನಿಂತಿದ್ದು ಕಂಡಿತು. ಕ್ಲಾರಿನೆಟ್ಟನ್ನು ಪಕ್ಕದವನ ಕೈಗೆ ತುರುಕಿ ಟೆಂಪೋದ ಹಿಂದೆ ಹೋಗಿ ಅಡಗಿದೆ. ಅಪ್ಪ ನೋಡಿದ. ಏನೂ ಅನ್ನಲಿಲ್ಲ. ಆ ಹಾಡನ್ನು ಒಬ್ಬನೇ ನುಡಿಸಿ ಮುಗಿಸಿದ.

ಡಿಗ್ರಿ ಮುಗಿದ ಮೇಲೆ ಎಲ್ಲರಂತೆ ನಾನೂ ಸ್ಪರ್ಧಾತ್ಮಕ ಪರೀಕ್ಷೆಗೆ ಕುಳಿತೆ. ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಕಲಾವಿದರು ಮತ್ತು ಅವರ ವಾದ್ಯಗಳನ್ನು ಹೊಂದಿಸಿ ಬರೆಯುವ ಪ್ರಶ್ನೆ ಇರುತ್ತದಲ್ಲ, ಅಲ್ಲಿ ಕದ್ರಿ ಗೋಪಾಲನಾಥರ ಮುಂದೆ ಸ್ಯಾಕ್ಸೋಫೋನ್ ಎಂದು ಬರೆದು ಎಷ್ಟೋ ಸಲ ಒಂದು ಅಂಕ ಪಡೆದಿದ್ದೇನೆ. ಅವರು ನುಡಿಸಿದ್ದನ್ನು ಮಾತ್ರ ಒಂದು ದಿನವೂ ಕೇಳಿರಲಿಲ್ಲ. ಒಂದು ರಾತ್ರಿ ಓದಿ ಬೇಸರವಾಗಿ ಮೊಬೈಲಿನಲ್ಲಿ ಹಾಕಿದೆ. ಪಕ್ಕದಲ್ಲಿ ಮಲಗಿದ್ದ ಅಪ್ಪ ಎದ್ದು ಕುಳಿತ. ಇದನ್ನು ಊದುವವನ ಮನೆಯಲ್ಲಿ ಯಾರೋ ನಮ್ಮಂಥವರೇ ಇದ್ದಾರೆ ಎಂದ. ಅಪ್ಪನ ಮಾತು ನಿಜವೇ ಎಂದು ಹುಡುಕುತ್ತಾ ಹೋದೆ.

ನಿಜವೇ ಆಗಿತ್ತು. ಗೋಪಾಲನಾಥರು ಹುಟ್ಟಿದ್ದು 1949ರ ಡಿಸೆಂಬರ್ 6ರಂದು, ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನಲ್ಲಿ. ತಂದೆ ತನಿಯಪ್ಪ ನಾಗಸ್ವರ ವಾದಕರು. ನಮ್ಮ ಕಡೆ ಮದುವೆ, ಜಾತ್ರೆಗೆ ಸನಾದಿ ಹೇಗೋ ಆ ಕಡೆಗೆ ನಾಗಸ್ವರ ಹಾಗೆ. ಮಗನೂ ಮೊದಲು ತಂದೆಯಿಂದ ಅದನ್ನೇ ಕಲಿತರು. ಚಿಕ್ಕಂದಿನಲ್ಲಿ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿದರು. ಅದರ ನಾದ ಅವರನ್ನು ಬಿಡಲಿಲ್ಲ.

ಆಸೆಪಟ್ಟಷ್ಟು ಸುಲಭದ ವಾದ್ಯ ಅದಲ್ಲ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ವಾದ್ಯ ಸ್ಯಾಕ್ಸೋಫೋನ್. ನಾಗಸ್ವರದಲ್ಲಿ ಬೆರಳು ನೇರವಾಗಿ ರಂಧ್ರದ ಮೇಲೆ ಇರುತ್ತದೆ, ಸ್ವಲ್ಪ ಸರಿಸಿದರೆ ಸ್ವರ ಜಾರುತ್ತದೆ. ಸ್ಯಾಕ್ಸೋಫೋನಿನಲ್ಲಿ ರಂಧ್ರವನ್ನು ಮುಚ್ಚುವುದು ಕೀಲಿ. ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ಕರ್ನಾಟಕ ಸಂಗೀತದ ಜೀವವಾದ ಗಮಕ ಇರುವುದು ಈ ಎರಡರ ನಡುವೆ. ಕ್ಲಾರಿನೆಟ್ ಹಿಡಿದವನಾದ್ದರಿಂದ ಈ ಕಷ್ಟ ನನಗೆ ಸ್ವಲ್ಪ ಗೊತ್ತು. ಗೋಪಾಲನಾಥರು ಉಸಿರು, ತುಟಿಗಳ ಹಿಡಿತದಿಂದ ಆ ನಡುವಿನ ದಾರಿಯನ್ನು ಕಂಡುಕೊಂಡರು, ವಾದ್ಯದಲ್ಲೂ ಸಣ್ಣಪುಟ್ಟ ಬದಲಾವಣೆ ಮಾಡಿಕೊಂಡರು. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಮುಂದೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತರು. ವಾದ್ಯ ಪೂರ್ತಿ ಕೈವಶವಾಗಲು ಸುಮಾರು 20 ವರ್ಷ ಹಿಡಿಯಿತು. ಎರಡು ಸಲ ಪರೀಕ್ಷೆ ಫೇಲಾದ ಮಾತ್ರಕ್ಕೆ ಆಯುಷ್ಯವೇ ಮುಗಿಯಿತು ಅಂದುಕೊಂಡಿದ್ದ ನಾನು ಈ ಸಾಲನ್ನು ಎರಡು ಸಲ ಓದಿದೆ.

1980ರಲ್ಲಿ ಮುಂಬೈಯ ಜಾಜ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಜಾನ್ ಹ್ಯಾಂಡಿ ಇವರನ್ನು ಕೇಳಿ ಮೆಚ್ಚಿ, ಒಂದೇ ವೇದಿಕೆಯಲ್ಲಿ ಜೊತೆಗೆ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಪ್ರಾಮ್ಸ್ ಕಛೇರಿಗೆ ಕರೆ ಬಂತು. ಅದೇ ವರ್ಷ ಕೆ. ಬಾಲಚಂದರ್ ಅವರ ತಮಿಳು ಚಿತ್ರ ‘ಡ್ಯುಯೆಟ್’ಗೆ ಎ.ಆರ್. ರೆಹಮಾನ್ ಸಂಗೀತದಲ್ಲಿ ನುಡಿಸಿ ಮನೆಮಾತಾದರು. 2004ರಲ್ಲಿ ಪದ್ಮಶ್ರೀ ಬಂತು.

ಇವೆಲ್ಲ ಪರೀಕ್ಷೆಗೆ ಉಪಯೋಗವಾಗುವ ವಿವರ. ನನ್ನನ್ನು ಹಿಡಿದು ನಿಲ್ಲಿಸಿದ್ದು 2008ರ ಒಂದು ಆಲ್ಬಂ. ಜಾಜ್‌ನಲ್ಲಿ ಇಬ್ಬರು ಸ್ಯಾಕ್ಸೋಫೋನ್ ವಾದಕರು ಕೂಡಿ ನುಡಿಸುವುದು ನಮ್ಮ ಜುಗಲಬಂದಿಯಂತೆ ಹಳೆಯ ಪದ್ಧತಿ. 1957ರಲ್ಲೇ ಕೋಲ್ಮನ್ ಹಾಕಿನ್ಸ್, ಬೆನ್ ವೆಬ್‌ಸ್ಟರ್ ಹಾಗೆ ನುಡಿಸಿದ್ದರು. ಅರ್ಧ ಶತಮಾನದ ನಂತರ ಅಂಥ ಆಲ್ಬಂ ಮಾಡಿದ ಇಬ್ಬರೂ ಕನ್ನಡ ಮೂಲದವರು. ಒಬ್ಬರು ಗೋಪಾಲನಾಥರು. ಇನ್ನೊಬ್ಬರು ರುದ್ರೇಶ್ ಮಹಾಂತಪ್ಪ. ರುದ್ರೇಶರ ತಂದೆ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು, ಮಗ ಬೆಳೆದದ್ದು ಅಲ್ಲಿಯೇ. ಜಾಜ್ ಕಲಿಯುತ್ತಿದ್ದಾಗ ಅಣ್ಣ ತಮಾಷೆಗೆಂದು ಗೋಪಾಲನಾಥರ ಒಂದು ರೆಕಾರ್ಡಿಂಗ್ ತಂದುಕೊಟ್ಟ. ಕೇಳಿದ ರುದ್ರೇಶ್‌ಗೆ ಅದು ತಮಾಷೆಯಾಗಿ ಉಳಿಯಲಿಲ್ಲ. ತನ್ನ ಕೈಯಲ್ಲಿರುವ ವಾದ್ಯದಲ್ಲೇ ತನ್ನ ಹಿರಿಯರ ನಾಡಿನ ಸಂಗೀತ ನುಡಿಯುತ್ತಿತ್ತು.

ಮುಂದೆ ಇಬ್ಬರೂ ಸೇರಿ ಮಾಡಿದ ಆಲ್ಬಮ್ಮಿಗೆ ‘ಕಿನ್ಸ್‌ಮೆನ್’ ಎಂದು ಹೆಸರಿಟ್ಟರು. ಬಂಧುಗಳು ಎಂದರ್ಥ. ಜಾಜ್‌ನಲ್ಲಿ ಸ್ವರಗುಚ್ಛಗಳು ಬದಲಾಗುತ್ತಾ ಹೋಗುತ್ತವೆ, ಕರ್ನಾಟಕ ಸಂಗೀತ ಒಂದೇ ಶ್ರುತಿಯನ್ನು ಹಿಡಿದು ನಿಲ್ಲುತ್ತದೆ. ರುದ್ರೇಶ್ ರಾಗಗಳ ಸುತ್ತಲೇ ರಚನೆ ಮಾಡಿ ಇಬ್ಬರಿಗೂ ಜಾಗ ಮಾಡಿಕೊಟ್ಟರು. ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿ ಅವರ ಮೃದಂಗದ ಪಕ್ಕದಲ್ಲೇ ಗಿಟಾರ್, ಡ್ರಮ್ಸ್ ಇವೆ. ಅದರಲ್ಲಿ ಕಲ್ಯಾಣಿ ರಾಗವೂ ಇದೆ. ಅಪ್ಪನಿಗೆ ಕೇಳಿಸಿದೆ. ಕಲ್ಯಾಣಿ ಎಂಬ ಹೆಸರು ಅವನಿಗೆ ಗೊತ್ತಿಲ್ಲ. ಇದು ನಮ್ಮ ಯಮನ್ ಅಲ್ಲವೇ ಎಂದು ಕೇಳಿ, ಗೋಡೆಗೆ ಒರಗಿ ಪೂರ್ತಿ ಕೇಳಿದ.

2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ಗೋಪಾಲನಾಥರು ತೀರಿಕೊಂಡರು. ವರ್ಷಗಳೇ ಕಳೆದವು. ಅವರು ತಂದೆಯ ವಾದ್ಯವನ್ನು ಕೈಯಿಂದ ಕೆಳಗಿಟ್ಟರು, ಆದರೆ ತಂದೆ ಕಲಿಸಿದ ಉಸಿರನ್ನು ಕೊನೆಯವರೆಗೂ ಇಟ್ಟುಕೊಂಡರು. ಅದನ್ನು ಹುಡುಕಿಕೊಂಡು ಅಮೆರಿಕದಿಂದ ಒಬ್ಬ ಹುಡುಗ ಬಂದ. ನಾನು ನನ್ನ ಮನೆಯಲ್ಲೇ ಇದ್ದುದನ್ನು ಟೆಂಪೋದ ಹಿಂದೆ ಅಡಗಿಸಿದ್ದೆ.

ನನಗೆ ಇನ್ನೂ ನೌಕರಿ ಸಿಕ್ಕಿಲ್ಲ. ಪರೀಕ್ಷೆ ಬರೆಯುವುದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಬ್ಯಾಂಡಿನಿಂದಲೇ ಮನೆ ನಡೆಯುವ ಕಾಲವೂ ಇದಲ್ಲ, ಡಿಜೆ ಬಂದ ಮೇಲೆ ನಮ್ಮ ಬುಕಿಂಗ್ ಅರ್ಧಕ್ಕೆ ಇಳಿದಿದೆ. ಆದರೂ ಕಳೆದ ಸೀಜನ್ನಿನಲ್ಲಿ ಕಿತ್ತೂರಿನ ಒಂದು ಮದುವೆಗೆ ನಾನಾಗಿಯೇ ಟೆಂಪೋ ಹತ್ತಿದೆ. ಮೆರವಣಿಗೆಯಲ್ಲಿ ಹಳೆಯ ಕ್ಲಾಸ್‌ಮೇಟ್ ಒಬ್ಬ ಗುರುತು ಹಿಡಿದು ಮೊಬೈಲ್ ಎತ್ತಿದ. ಕೈ ನಡುಗಿತು, ಎರಡು ಸ್ವರ ತಪ್ಪಿತು. ಪಕ್ಕದಲ್ಲಿದ್ದ ಅಪ್ಪ ನನ್ನ ಕಡೆ ತಿರುಗದೆ ತನ್ನ ಕ್ಲಾರಿನೆಟ್ಟಿನ ದನಿಯನ್ನು ಸ್ವಲ್ಪ ಏರಿಸಿ ಅದನ್ನು ಮುಚ್ಚಿದ. ಮುಂದಿನ ಸಾಲಿಗೆ ಇಬ್ಬರೂ ಕೂಡಿಯೇ ಬಂದೆವು.