ಲುಡ್ವಿಗ್ ಬೋಲ್ಟ್ಸ್‌ಮನ್

ಲುಡ್ವಿಗ್ ಬೋಲ್ಟ್ಸ್‌ಮನ್ (20 ಫೆಬ್ರವರಿ 1844 – 5 ಸೆಪ್ಟೆಂಬರ್ 1906) ಆಸ್ಟ್ರಿಯಾದ ಭೌತವಿಜ್ಞಾನಿ. ಉಷ್ಣಗತಿವಿಜ್ಞಾನದ ಎರಡನೆಯ ನಿಯಮವನ್ನು ಅಣುಗಳ ಚಲನೆ ಹಾಗೂ ಸಂಭವನೀಯತೆಯ ಆಧಾರದ ಮೇಲೆ ವಿವರಿಸಿದವರಲ್ಲಿ ಪ್ರಮುಖರು. ಈ ಸಂಭವನೀಯತೆ ವಸ್ತುವಿಗೆ ಸೇರಿದ್ದೋ, ನೋಡುವವರ ಅರಿವಿನ ಮಿತಿಯೋ ಎಂಬುದು ಇಂದಿಗೂ ಚರ್ಚೆಯಲ್ಲಿದೆ.

ಜೀವನ

ಇವರು ಜನಿಸಿದ್ದು ವಿಯೆನ್ನಾದಲ್ಲಿ. ತಂದೆ ತೆರಿಗೆ ಅಧಿಕಾರಿ. ಯೋಸೆಫ್ ಸ್ಟೆಫಾನ್ ಅವರ ಬಳಿ ಅಧ್ಯಯನ ಮಾಡಿ 1866ರಲ್ಲಿ ಡಾಕ್ಟರೇಟ್ ಪಡೆದರು. 25ನೆಯ ವಯಸ್ಸಿಗೇ ಗ್ರಾಜ್‌ನಲ್ಲಿ ಪ್ರಾಧ್ಯಾಪಕರಾದರು. ಮುಂದೆ ವಿಯೆನ್ನಾ, ಮ್ಯೂನಿಕ್, ಲೈಪ್‌ಜಿಗ್‌ಗಳಲ್ಲಿ ಬೋಧಿಸಿದರು. ಒಂದೆಡೆ ನೆಲೆನಿಲ್ಲುವ ಸ್ವಭಾವ ಅವರದಾಗಿರಲಿಲ್ಲ.

ಎಂಟ್ರೋಪಿಯ ವಿವಾದ

ಊದುಬತ್ತಿಯ ಹೊಗೆ ಕೋಣೆಯೆಲ್ಲ ಹರಡುತ್ತದೆ. ಮರಳಿ ಬತ್ತಿಯ ತುದಿಗೆ ಬಂದು ಸೇರುವುದಿಲ್ಲ. ಇಂತಹ ಏಕಮುಖ ಬದಲಾವಣೆಯನ್ನು ಅಣುಗಳ ಘರ್ಷಣೆಯಿಂದಲೇ ಸಾಧಿಸಲು ಬೋಲ್ಟ್ಸ್‌ಮನ್ 1872ರಲ್ಲಿ ಯತ್ನಿಸಿದರು. ಚಲನೆಯ ನಿಯಮಗಳಿಗೆ ಹಿಂದು ಮುಂದೆಂಬ ಭೇದವಿಲ್ಲ, ಎಲ್ಲ ಅಣುಗಳ ವೇಗವನ್ನು ತಿರುಗಿಸಿದರೆ ಅವು ಬಂದ ದಾರಿಯಲ್ಲೇ ಮರಳಬೇಕು ಎಂದು ಗೆಳೆಯ ಲೋಶ್ಮಿಟ್ 1876ರಲ್ಲಿ ಆಕ್ಷೇಪಿಸಿದರು.

ಬೋಲ್ಟ್ಸ್‌ಮನ್ ಮರುವರ್ಷ ಎಣಿಕೆಯ ಮಾರ್ಗ ಹಿಡಿದರು. ಹೊರಗಿನಿಂದ ಒಂದೇ ಆಗಿ ಕಾಣುವ ಸ್ಥಿತಿಯನ್ನು ಅಣುಗಳು ಎಷ್ಟು ಬಗೆಯಲ್ಲಿ ಉಂಟುಮಾಡಬಲ್ಲವೋ, ಆ ಸಂಖ್ಯೆಯ ಲಾಗರಿತಮ್ಮಿಗೆ ಎಂಟ್ರೋಪಿ ಅನುಪಾತದಲ್ಲಿರುತ್ತದೆ. ಹೊಗೆ ಮರಳುವುದು ಅಸಾಧ್ಯವಲ್ಲ. ಅದರ ಸಂಭವ ಊಹೆಗೂ ನಿಲುಕದಷ್ಟು ಕಡಿಮೆ.

ತೊಡಕಿರುವುದು ಇಲ್ಲಿಯೇ. ಒಂದೇ ಆಗಿ ಕಾಣುವುದು ಯಾರಿಗೆ? ಅಣುಗಳನ್ನು ಬಿಡಿಬಿಡಿಯಾಗಿ ಕಾಣಬಲ್ಲ ಜೀವಿಯೊಂದನ್ನು 1867ರಲ್ಲೇ ಕಲ್ಪಿಸಿದ್ದ ಮ್ಯಾಕ್ಸ್‌ವೆಲ್, ಶಕ್ತಿ ಚದರಿತೆನ್ನುವುದು ನಮ್ಮ ತಿಳಿವನ್ನು ಅವಲಂಬಿಸಿದೆ ಎಂದು ಭಾವಿಸಿದರು. ಅಮೆರಿಕದ ಇ. ಟಿ. ಜೇನ್ಸ್ 1957ರಲ್ಲಿ ವ್ಯಕ್ತಿನಿಷ್ಠ ನಿಲುವನ್ನು ಮಾಹಿತಿ ಸಿದ್ಧಾಂತದ ಮೇಲೆ ಕಟ್ಟಿದರು. ಬೋಲ್ಟ್ಸ್‌ಮನ್ ಅವರ ಒಲವು ವಸ್ತುನಿಷ್ಠತೆಯ ಕಡೆಗೆ: ದೀರ್ಘಕಾಲದಲ್ಲಿ ಅನಿಲವು ಒಂದು ಸ್ಥಿತಿಯಲ್ಲಿ ಕಳೆಯುವ ಸಮಯದ ಪಾಲೇ ಆ ಸ್ಥಿತಿಯ ಸಂಭವನೀಯತೆ. ವಿದ್ಯಾರ್ಥಿಗಳು ಎರಡು ಸಂಗತಿಗಳನ್ನು ಬೆರೆಸದಿರುವುದು ಒಳಿತು. ನಾವು ಅರಿತರೂ ಅರಿಯದಿದ್ದರೂ ಮೇಜಿನ ಮೇಲಿನ ಚಹಾ ಆರುತ್ತದೆ. ಎಣಿಕೆ ಎಷ್ಟು ಸೂಕ್ಷ್ಮವಾಗಿರಬೇಕೆಂಬ ಆಯ್ಕೆ ಮಾತ್ರ ನಮ್ಮದು.

ಕೊನೆಯ ವರ್ಷಗಳು

ಮಾಖ್ ಮತ್ತು ಓಸ್ಟ್‌ವಾಲ್ಡ್ ಅಣುಗಳ ಅಸ್ತಿತ್ವವನ್ನೇ ಒಪ್ಪಿರಲಿಲ್ಲ. 1895ರಲ್ಲಿ ಲ್ಯೂಬೆಕ್ ಸಭೆಯಲ್ಲಿ ಓಸ್ಟ್‌ವಾಲ್ಡ್ ಅವರೊಡನೆ ತೀವ್ರ ವಾಗ್ವಾದ ನಡೆಯಿತು. ಆದರೂ 1900ರಲ್ಲಿ ಬೋಲ್ಟ್ಸ್‌ಮನ್ ಸೇರಿದ್ದು ಅದೇ ಓಸ್ಟ್‌ವಾಲ್ಡ್ ಇದ್ದ ಲೈಪ್‌ಜಿಗ್ ವಿಶ್ವವಿದ್ಯಾಲಯವನ್ನು; ಮತಭೇದ ಸ್ನೇಹಕ್ಕೆ ಅಡ್ಡಬರಲಿಲ್ಲ. 1902ರಲ್ಲಿ ವಿಯೆನ್ನಾಕ್ಕೆ ಮರಳಿ, ಮರುವರ್ಷದಿಂದ ತತ್ತ್ವಶಾಸ್ತ್ರವನ್ನೂ ಬೋಧಿಸಿದರು.

1906ರಲ್ಲಿ ಟ್ರಿಯೆಸ್ಟ್ ಬಳಿಯ ದುಯಿನೊದಲ್ಲಿ ಆತ್ಮಹತ್ಯೆ ಮಾಡಿಕೊಂಡರು. ವಿರೋಧಿಗಳ ಟೀಕೆಯೇ ಕಾರಣವೆಂಬ ಮಾತು ಜನಪ್ರಿಯವಾಗಿದೆ. ಆದರೆ ಅವರು ಬಹುಕಾಲದಿಂದ ಖಿನ್ನತೆಯಿಂದ ಬಳಲುತ್ತಿದ್ದರೆಂಬುದನ್ನು ಮರೆಯಲಾಗದು. ಪೆರಾನ್ ಅವರ ಪ್ರಯೋಗಗಳ ಬಳಿಕ, 1909ರ ವೇಳೆಗೆ ಓಸ್ಟ್‌ವಾಲ್ಡ್ ಅಣುಗಳನ್ನು ಒಪ್ಪಿಕೊಂಡರು. ವಿಯೆನ್ನಾದಲ್ಲಿರುವ ಬೋಲ್ಟ್ಸ್‌ಮನ್ ಸಮಾಧಿಯ ಮೇಲೆ ಎಂಟ್ರೋಪಿಯ ಸೂತ್ರವನ್ನು ಕೆತ್ತಲಾಗಿದೆ. ಸೂತ್ರವನ್ನು ಆ ರೂಪದಲ್ಲಿ ಮೊದಲು ಬರೆದವರು ಮ್ಯಾಕ್ಸ್ ಪ್ಲಾಂಕ್.