ಹಕ್ಕಿಗಳ ನಂಟ ಸಲೀಂ ಅಲಿ

ಶ್ರೀರಂಗಪಟ್ಟಣದ ಸಮೀಪದಲ್ಲಿ, ಕಾವೇರಿಯ ಮಡಿಲಲ್ಲಿ ಚದುರಿ ನಿಂತಿರುವ ಪುಟ್ಟ ನಡುಗಡ್ಡೆಗಳೇ ರಂಗನತಿಟ್ಟು. ಅಲ್ಲಿ ಅಂಬಿಗನೇ ನಮಗೆ ಮಾರ್ಗದರ್ಶಿ. ನಿಧಾನವಾಗಿ ಹುಟ್ಟು ಹಾಕುತ್ತ, ಇದು ಬಾಯ್ಕಳಕ, ಅದು ಚಮಚದ ಕೊಕ್ಕಿನ ಹಕ್ಕಿ, ಬಂಡೆಯ ಮೇಲೆ ಕೊರಡಿನಂತೆ ಬಿದ್ದಿರುವುದು ಮೊಸಳೆ ಎಂದು ಅವನು ತೋರಿಸುತ್ತಾನೆ. ನನ್ನ ಶಾಲೆಯ ಮಕ್ಕಳೊಡನೆ ಆ ದೋಣಿಯಲ್ಲಿ ಹಲವು ಸಲ ಕುಳಿತಿದ್ದೇನೆ. ಎಂತಹ ತುಂಟನೂ ಸ್ವಲ್ಪ ಹೊತ್ತಿನಲ್ಲಿಯೇ ಮೌನಿಯಾಗಿಬಿಡುತ್ತಿದ್ದನು. ಮೈಸೂರಿನಂತಹ ಬೆಳೆಯುತ್ತಿರುವ ನಗರಕ್ಕೆ ಇಷ್ಟು ಹತ್ತಿರದಲ್ಲಿ ಹಕ್ಕಿಗಳು ಇಂದಿಗೂ ನಿರ್ಭಯವಾಗಿ ಗೂಡು ಕಟ್ಟುತ್ತಿರುವುದಕ್ಕೆ ಕಾರಣರಾದವರಲ್ಲಿ ಮೊದಲು ನೆನೆಯಬೇಕಾದವರು ಸಲೀಂ ಅಲಿ.

ಸಲೀಂ ಅಲಿಯವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ದೊಡ್ಡ ಕುಟುಂಬದ ಕಡೆಯ ಕೂಸು. ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಈ ಮಗುವನ್ನು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರು ಸಾಕಿದರು. ಮಾವ ಬೇಟೆಯಲ್ಲಿ ಆಸಕ್ತರು. ಹುಡುಗನ ಕೈಗೂ ಒಂದು ಆಟಿಕೆಯ ಗಾಳಿಬಂದೂಕು ಬಂದಿತು. ಮುಂದೆ ಹಕ್ಕಿಗಳ ರಕ್ಷಣೆಗೆ ನಿಂತ ಈ ವ್ಯಕ್ತಿಯ ಕಥೆ ಹೀಗೆ ಬಂದೂಕಿನಿಂದಲೇ ಪ್ರಾರಂಭವಾಯಿತು. ಒಂದು ದಿನ ಅವರು ಹೊಡೆದುರುಳಿಸಿದ ಗುಬ್ಬಚ್ಚಿಯ ಕೊರಳಿನಲ್ಲಿ ಹಳದಿಯ ಮಚ್ಚೆ ಕಾಣಿಸಿತು. ಇದು ಎಂತಹ ಗುಬ್ಬಚ್ಚಿ? ಮಾವನಿಗೂ ತಿಳಿಯಲಿಲ್ಲ. ಸತ್ತ ಹಕ್ಕಿಯೊಡನೆ ಹುಡುಗನನ್ನು ಅವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಳುಕುತ್ತಲೇ ಬಂದ ಬಾಲಕನಿಗೆ ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡರು ಹಕ್ಕಿಯ ಜಾತಿಯನ್ನು ತಿಳಿಸಿದರು. ಸಾಲುಸಾಲಾದ ಅರೆಗಳನ್ನು ತೆರೆದು, ಒಣಗಿಸಿ ಕಾಪಾಡಿದ್ದ ಹಕ್ಕಿಗಳನ್ನು ತೋರಿಸಿದರು. ತಿಂದು ಮುಗಿಸಬೇಕೆಂದಿದ್ದ ಹಕ್ಕಿಯೊಂದು ಹುಡುಗನ ಬಾಳಿನ ದಿಕ್ಕನ್ನೇ ತಿರುಗಿಸಿತು.

ಆದರೆ ಆ ದಾರಿ ಸುಗಮವಾಗಿರಲಿಲ್ಲ. ಬರ್ಮಾದ ಟವಾಯ್‌ನಲ್ಲಿ ಮನೆಯವರ ಗಣಿ ಮತ್ತು ಮರದ ವ್ಯಾಪಾರವನ್ನು ನೋಡಿಕೊಳ್ಳಲು ಹೋದರು. ವ್ಯಾಪಾರಕ್ಕಿಂತ ಅಲ್ಲಿನ ಕಾಡೇ ಅವರನ್ನು ಹೆಚ್ಚಾಗಿ ಸೆಳೆಯಿತು. ಕೊನೆಗೆ ಬರಿಗೈಯಲ್ಲಿ ಹಿಂದಿರುಗಬೇಕಾಯಿತು. ಈ ನಡುವೆ, 1918ರಲ್ಲಿ, ತೆಹ್ಮೀನಾ ಅವರೊಡನೆ ವಿವಾಹವಾಗಿತ್ತು. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ, ಬಂದವರಿಗೆ ಪ್ರಾಣಿಪಕ್ಷಿಗಳನ್ನು ತೋರಿಸಿ ವಿವರಿಸುವ ಮಾರ್ಗದರ್ಶಿಯ ಹುದ್ದೆ ದೊರಕಿತು. ಗಾಜಿನ ಪೆಟ್ಟಿಗೆಯೊಳಗಿನ ಹಕ್ಕಿಗಳಿಂದ ಅವರಿಗೆ ತೃಪ್ತಿಯಾಗಲಿಲ್ಲ. ಜರ್ಮನಿಗೆ ತೆರಳಿ, ಬರ್ಲಿನ್ನಿನ ಪ್ರಸಿದ್ಧ ಪಕ್ಷಿವಿಜ್ಞಾನಿ ಸ್ಟ್ರೆಸೆಮನ್ ಅವರಲ್ಲಿ ಶಿಷ್ಯವೃತ್ತಿ ಮಾಡಿದರು. 1930ರಲ್ಲಿ ಮರಳಿ ಬಂದಾಗ, ಹಣವಿಲ್ಲವೆಂಬ ಕಾರಣದಿಂದ ಆ ಹುದ್ದೆಯೇ ರದ್ದಾಗಿತ್ತು.

ಕೆಲಸವಿಲ್ಲದ ಪತಿಯೊಡನೆ ತೆಹ್ಮೀನಾ ಅವರು ಮುಂಬಯಿಯ ಆಚೆ, ಕಡಲ ತೀರದ ಕಿಹಿಂ ಗ್ರಾಮಕ್ಕೆ ಹೋಗಿ ನೆಲಸಿದರು. ಮನೆಯ ಸಮೀಪದಲ್ಲಿ ಗೀಜಗನ ಗೂಡುಗಳು ತೂಗುತ್ತಿದ್ದವು. ಆ ಮಳೆಗಾಲವೆಲ್ಲ ಸಲೀಂ ಅಲಿಯವರು ಅವನ್ನು ನೋಡುತ್ತ ಕುಳಿತರು. ಗಂಡು ಗೀಜಗ ಗೂಡನ್ನು ಅರ್ಧ ಹೆಣೆದು ನಿಲ್ಲಿಸುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದ ಮೇಲೆಯೇ ಅದನ್ನು ಪೂರ್ಣಗೊಳಿಸುತ್ತದೆ. ಆ ಹೆಣ್ಣು ಮೊಟ್ಟೆಗಳ ಮೇಲೆ ಕುಳಿತೊಡನೆ ಗಂಡು ಮತ್ತೊಂದು ಗೂಡಿಗೆ, ಮತ್ತೊಂದು ಹೆಣ್ಣಿಗೆ ತೊಡಗುತ್ತದೆ. ಈ ಸಂಗತಿಗಳನ್ನು ಕುರಿತ ಅವರ ಬರಹ ವಿದ್ವಾಂಸರ ಗಮನವನ್ನು ಸೆಳೆಯಿತು. ಹುದ್ದೆ ಹೋಗದಿದ್ದರೆ ಗೀಜಗನಿಗೆ ಅಷ್ಟು ಬಿಡುವು ಅವರಲ್ಲಿ ಎಲ್ಲಿತ್ತು!

ಅನಂತರ ಅವರು ದೇಶೀಯ ಸಂಸ್ಥಾನಗಳಿಗೆ ಹೊಸದೊಂದು ಸಲಹೆಯನ್ನು ಮುಂದಿಟ್ಟರು. ಪ್ರವಾಸದ ವೆಚ್ಚವನ್ನು ಸಂಸ್ಥಾನ ವಹಿಸಿಕೊಂಡರೆ, ಸಂಬಳವಿಲ್ಲದೆ ಅಲ್ಲಿನ ಹಕ್ಕಿಗಳ ಸಮೀಕ್ಷೆ ನಡೆಸಿಕೊಡುವುದಾಗಿ ತಿಳಿಸಿದರು. ಹೈದರಾಬಾದು, ತಿರುವಾಂಕೂರು, ಕೊಚ್ಚಿಗಳಲ್ಲಿ ಅಲೆದರು. ಡೇರೆಯ ಬಾಳಿನಲ್ಲಿ ತೆಹ್ಮೀನಾ ಜೊತೆಗಿದ್ದರು. ಅಧ್ಯಯನದ ಸಂಗ್ರಹಕ್ಕಾಗಿ ಹಕ್ಕಿಗಳನ್ನು ಹೊಡೆಯುವುದು ಆ ಕಾಲದ ರೂಢಿ. ಅವರೂ ಹೊಡೆದರು, ಅದನ್ನು ಮರೆಮಾಚಲಿಲ್ಲ. ನಮಗೆ ಇದು ಇರಿಸುಮುರಿಸಾದರೂ ಬಿಟ್ಟು ಹೇಳುವುದು ಸರಿಯಲ್ಲ. 1939ರಲ್ಲಿ ಒಂದು ಶಸ್ತ್ರಚಿಕಿತ್ಸೆಯ ಬಳಿಕ ತೆಹ್ಮೀನಾ ಇದ್ದಕ್ಕಿದ್ದಂತೆ ತೀರಿಕೊಂಡರು. ಆ ದುಃಖದ ಭಾರವನ್ನು ಹೊತ್ತುಕೊಂಡೇ ಅವರು ಮೈಸೂರು ಸಂಸ್ಥಾನದ ಸಮೀಕ್ಷೆಗೆ ಬಂದರು.

ಹದಿನೇಳನೆಯ ಶತಮಾನದಲ್ಲಿ ಕಾವೇರಿಗೆ ಅಡ್ಡಲಾಗಿ ಒಂದು ಕಟ್ಟೆ ನಿರ್ಮಾಣವಾದಾಗ ರೂಪುಗೊಂಡ ತಿಟ್ಟುಗಳ ಮೇಲೆ ನೂರಾರು ನೀರುಹಕ್ಕಿಗಳು ಗೂಡು ಕಟ್ಟುವುದನ್ನು ಅವರು ಕಂಡರು. ಈ ನೆಲೆಯನ್ನು ಕಾಪಾಡಬೇಕೆಂದು ಒಡೆಯರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ವಿಸ್ತಾರದಲ್ಲಿ ಅದು ಒಂದು ಚದರ ಕಿಲೋಮೀಟರಿನಷ್ಟೂ ಇಲ್ಲ.

ರಾಜಸ್ಥಾನದ ಭರತಪುರದ ಜೌಗುಭೂಮಿಯನ್ನು ಉಳಿಸುವುದು ಇಷ್ಟು ಸುಲಭವಾಗಿರಲಿಲ್ಲ. ಅದು ಅರಸರ ಬಾತುಬೇಟೆಯ ತಾಣ. 1938ರ ನವೆಂಬರ್ 12ರಂದು, ಸಲೀಂ ಅಲಿಯವರ ಹುಟ್ಟುಹಬ್ಬದ ದಿನವೇ, ವೈಸರಾಯ್ ಲಿನ್‌ಲಿತ್‌ಗೋ ಅವರ ತಂಡ ಅಲ್ಲಿ 4,273 ಹಕ್ಕಿಗಳನ್ನು ಹೊಡೆದುರುಳಿಸಿತ್ತು. ಇಂತಹ ಬೇಟೆಗಳ ಲೆಕ್ಕವನ್ನು ಹೆಮ್ಮೆಯಿಂದ ಕಲ್ಲಿನಲ್ಲಿ ಕೆತ್ತಿಸಲಾಯಿತು. ಸ್ವಾತಂತ್ರ್ಯಾನಂತರ ನೀರನ್ನು ಬಸಿದು ಭೂಮಿಯನ್ನು ಸಾಗುವಳಿಗೆ ಹಂಚಬೇಕೆಂಬ ಕೂಗು ಎದ್ದಿತು. ಉಣ್ಣಲು ಇಲ್ಲದವರ ಬೇಡಿಕೆಯನ್ನು ಅನ್ಯಾಯವೆನ್ನಲಾಗದು. ಆದರೆ ಒಮ್ಮೆ ಒಣಗಿದರೆ ಆ ಹಕ್ಕಿಗಳಿಗೆ ಬೇರೆ ನೆಲೆಯಿಲ್ಲವೆಂಬುದನ್ನು ಸಲೀಂ ಅಲಿ ಬಲ್ಲರು. ಅವರು ಪ್ರಧಾನಿ ನೆಹರೂ ಅವರಿಗೆ ಇದನ್ನು ಮನಗಾಣಿಸಿದರು. ನೀರು ಉಳಿಯಿತು. 1956ರಲ್ಲಿ ಅದು ಪಕ್ಷಿಧಾಮವಾಯಿತು. 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು.

1941ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳನ್ನು ಕುರಿತ ಅವರ ಪುಸ್ತಕ, ಹಕ್ಕಿ ನೋಡುವ ಹವ್ಯಾಸವನ್ನು ಸಾಮಾನ್ಯರ ಬಳಿಗೂ ತಂದಿತು. ಮುಂದೆ ಡಿಲ್ಲನ್ ರಿಪ್ಲೆ ಅವರೊಡನೆ ಹತ್ತು ಸಂಪುಟಗಳ ಬೃಹತ್ ಗ್ರಂಥವನ್ನು ರಚಿಸಿದರು. 1976ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಲಭಿಸಿತು. 1985ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿದಾಗ, ಅದಕ್ಕೆ ಅವರು ಕೊಟ್ಟ ಹೆಸರಿನಲ್ಲಿ ಬಾಲ್ಯದಲ್ಲಿ ನೆಲಕ್ಕುರುಳಿದ ಆ ಗುಬ್ಬಚ್ಚಿಯೇ ಇತ್ತು.

ಸಲೀಂ ಅಲಿಯವರು 1987ರಲ್ಲಿ ನಿಧನರಾದರು. 2022ರಲ್ಲಿ ರಂಗನತಿಟ್ಟು ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಕರ್ನಾಟಕದಿಂದ ಆ ಪಟ್ಟಿಗೆ ಸೇರಿದ ಮೊದಲನೆಯ ತಾಣ ಅದು. ಗೂಡು ಕಟ್ಟುವ ಕಾಲದಲ್ಲಿ ಅಲ್ಲಿಗೆ ಹೋದರೆ, ಬಣ್ಣದ ಕೊಕ್ಕರೆಗಳು ಕಡ್ಡಿಗಳನ್ನು ಕಚ್ಚಿಕೊಂಡು ತಲೆಯ ಮೇಲೆಯೇ ಹಾರಿಹೋಗುವುದನ್ನು ಕಾಣಬಹುದು. ತಿಟ್ಟು ಸಮೀಪಿಸುತ್ತಲೇ ಅಂಬಿಗ ಹುಟ್ಟನ್ನು ಮೇಲಕ್ಕೆತ್ತಿ ದೋಣಿಯನ್ನು ಸುಮ್ಮನೆ ತೇಲಬಿಡುತ್ತಾನೆ.